ಫಿಸಿಷಿಯನ್ ಅಸಿಸ್ಟೆಂಟ್ ಓದು: ಕೊಡಗಿನ ಮಕ್ಕಳಿಗೆ ಸೀಟಿದೆ, ಕೊಡಗಿನಲ್ಲಿ ಹುದ್ದೆ ಎಲ್ಲಿ?

ಪಿಯುಸಿಯಲ್ಲಿ ಪಿಸಿಬಿ ಓದಿ, ನೀಟ್‌ನಲ್ಲಿ ಎಂಬಿಬಿಎಸ್ ಸೀಟಿಗೆ ಸಾಲುವಷ್ಟು ಅಂಕ ಬಾರದ ಮಕ್ಕಳ ಮುಂದೆ ಈಚೆಗೆ ಒಂದು ಕೋರ್ಸಿನ ಹೆಸರು ಮತ್ತೆ ಮತ್ತೆ ಬರುತ್ತಿದೆ: ಬಿಎಸ್ಸಿ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಸಹಾಯಕರ ಓದು. ಸೀಟು ಕೊಡಿಸುವ ಏಜೆಂಟರು ಇದನ್ನು ‘ಡಾಕ್ಟರಿಗೆ ಸಮ’ ಎಂದು ಹೇಳಿ ಮಾರುತ್ತಾರೆ. ಸಮ ಅಲ್ಲವೇ ಅಲ್ಲ. ಹಾಗೆಂದು ಇದು ಹುರುಳಿಲ್ಲದ ಓದೂ ಅಲ್ಲ. ಸರಿಯಾದ ಕಡೆ ಕಲಿತವರಿಗೆ ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಜವಾಬ್ದಾರಿಯ ಕೆಲಸವಿದೆ. ಕೊಡಗಿನೊಳಗೆ ಮಾತ್ರ ಆ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ವರ್ಷ ಮತ್ತು ಲಕ್ಷಗಟ್ಟಲೆ ಹಣ ಹಾಕುವ ಮುಂಚೆ ವಿರಾಜಪೇಟೆ, ಸೋಮವಾರಪೇಟೆಯ ಮನೆಗಳಲ್ಲಿ ಈ ಮಾತು ಬಿಚ್ಚಿಟ್ಟು ಚರ್ಚೆಯಾಗಬೇಕು. ಊರಲ್ಲೇ ಇದ್ದು ಆರೋಗ್ಯ ಸೇವೆ ಮಾಡಬೇಕೆನ್ನುವ ಹುಡುಗಿಗೂ, ಎಲ್ಲಿಯಾದರೂ ಸರಿ ಆಪರೇಷನ್ ಥಿಯೇಟರಿನಲ್ಲಿ ದುಡಿಯಬೇಕೆನ್ನುವ ಹುಡುಗನಿಗೂ ಒಂದೇ ದಾರಿ ಹೊಂದುವುದಿಲ್ಲ.

ಕೆಲಸ ಎಂಥದ್ದು

ಹೃದಯ ಶಸ್ತ್ರಚಿಕಿತ್ಸಾ ವಿಭಾಗವನ್ನೇ ನೋಡೋಣ. ನಮ್ಮ ದೇಶದಲ್ಲಿ ಈ ವೃತ್ತಿ ಹುಟ್ಟಿದ್ದೇ ಅಲ್ಲಿ. ಪಿಎ ಬೆಳಿಗ್ಗೆ ಸರ್ಜನ್‌ಗಿಂತ ಮೊದಲೇ ಐಸಿಯುಗೆ ಬರುತ್ತಾರೆ. ರಾತ್ರಿಯಿಡೀ ಮೂತ್ರ ಎಷ್ಟು ಹೋಗಿದೆ, ಎದೆಯ ರಕ್ತ ಹೊರಬರುವ ಕೊಳವೆ, ಅಂದರೆ ಡ್ರೈನ್‌ನಲ್ಲಿ ಎಷ್ಟು ರಕ್ತ ಬಂದಿದೆ, ಪೊಟ್ಯಾಸಿಯಂ ಎಷ್ಟಿದೆ, ವೆಂಟಿಲೇಟರ್ ಸೆಟ್ಟಿಂಗ್ ಯಾವಾಗ ಬದಲಾಯಿತು ಎಂದು ನೋಡುತ್ತಾರೆ, ರೋಗಿಯನ್ನು ಮುಟ್ಟಿ ಪರೀಕ್ಷಿಸುತ್ತಾರೆ. 60 ಕೆ.ಜಿ. ತೂಕದ ರೋಗಿಗೆ ಗಂಟೆಗೆ ಕನಿಷ್ಠ 30 ಮಿ.ಲೀ. ಮೂತ್ರ ಹೋಗಬೇಕು. ಡ್ರೈನ್‌ನಲ್ಲಿ ಗಂಟೆಗೆ 200 ಮಿ.ಲೀ.ನಂತೆ ರಕ್ತ ಬರುತ್ತಲೇ ಇದ್ದರೆ ರೌಂಡ್ಸ್‌ಗೆ ಕಾಯದೆ ಆ ಕ್ಷಣವೇ ಸರ್ಜನ್‌ಗೆ ಫೋನ್ ಹೋಗಬೇಕು. ಅಂಕಿ ಬರೆದಿಡಲು ನರ್ಸ್ ಇದ್ದಾರೆ. ಆ ಅಂಕಿಗಳನ್ನೆಲ್ಲ ಜೋಡಿಸಿ ‘ಈ ರೋಗಿ ಸರಿಯಾಗುತ್ತಿಲ್ಲ’ ಎಂದು ಮೊದಲು ಗುರುತಿಸಬೇಕಾದವರು ಪಿಎ.

ಆಮೇಲೆ ಆಪರೇಷನ್ ಥಿಯೇಟರ್ (ಓಟಿ). ಬೈಪಾಸ್ ಆಪರೇಷನ್‌ನಲ್ಲಿ ಸರ್ಜನ್ ಎದೆಯ ಕಡೆ ಇದ್ದಾಗ ಪಿಎ ಕಾಲಿನ ಸಫೀನಸ್ ರಕ್ತನಾಳವನ್ನು ಬಿಡಿಸಿ ತೆಗೆಯುತ್ತಾರೆ. ಅದರ ಸಣ್ಣ ಕವಲುಗಳನ್ನು ಕಟ್ಟುವಾಗ ಮುಖ್ಯ ನಾಳಕ್ಕೆ ಒತ್ತಿ ಕಟ್ಟಿದರೆ ನಾಳವೇ ಅಲ್ಲಿ ಕಿರಿದಾಗುತ್ತದೆ. ತೀರಾ ದೂರ ಬಿಟ್ಟು ಕಟ್ಟಿದರೆ ಉಳಿದ ಮೊಂಡು ತುದಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸೋರಿಕೆ ನೋಡಲೆಂದು ಸಿರಿಂಜಿನಲ್ಲಿ ಜೋರಾಗಿ ದ್ರವ ತುಂಬಿಸಿದರೆ ಒಳಪದರ ಹಾಳಾಗಿ, ಹೃದಯಕ್ಕೆ ಹಾಕಿದ ಆ ನಾಳ ಬೇಗ ಮುಚ್ಚಿಹೋಗಬಹುದು. ಪುಸ್ತಕ ಓದಿದ ಮಾತ್ರಕ್ಕೆ ಇಂಥ ಕೈಕೆಲಸ ಬರುವುದಿಲ್ಲ. ಹಿರಿಯರ ಪಕ್ಕ ನಿಂತು, ನೋಡಿ, ಅವರ ಕಣ್ಣಳತೆಯಲ್ಲಿ ಮಾಡಿ ಕಲಿಯಬೇಕು. ಕಾಲೇಜು ಆರಿಸುವಾಗ ಅದರ ಆಸ್ಪತ್ರೆಯನ್ನು ಮೊದಲು ನೋಡಬೇಕೆಂದು ಮುಂದೆ ಒತ್ತಿ ಹೇಳುವುದೂ ಇದಕ್ಕೇ.

ಮಧ್ಯಾಹ್ನದ ಮೇಲೆ ಕಾಗದದ ಕೆಲಸ: ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಥವಾ ವಿಮೆಯ ಪೂರ್ವಾನುಮತಿಗೆ ಬೇಕಾದ ವೈದ್ಯಕೀಯ ಟಿಪ್ಪಣಿ, ರೋಗಿಯ ಕಡೆಯವರಿಗೆ ಮಾತ್ರೆ, ಪಥ್ಯ, ಮುಂದಿನ ಭೇಟಿಯ ವಿವರಣೆ. ಮೂಳೆ, ಮೂತ್ರಪಿಂಡ, ನರ, ಕ್ಯಾನ್ಸರ್, ತುರ್ತು ಚಿಕಿತ್ಸೆ ವಿಭಾಗಗಳಲ್ಲೂ ಇದೇ ಮಾದರಿಯ ಕೆಲಸವಿದೆ.

ಗೆರೆ ಎಲ್ಲಿದೆ ಎನ್ನುವುದು ಸ್ಪಷ್ಟವಿರಲಿ. ಪಿಎ ಸ್ವಂತ ಕ್ಲಿನಿಕ್ ಇಡುವಂತಿಲ್ಲ. ತಾವೇ ಔಷಧ ಚೀಟಿ ಬರೆದು ಸಹಿ ಹಾಕುವಂತಿಲ್ಲ. ಮೆಡಿಕಲ್ ಸರ್ಟಿಫಿಕೇಟ್, ಮರಣದ ಕಾರಣದ ಪ್ರಮಾಣಪತ್ರ, ಪೊಲೀಸ್ ಕೇಸಿನ ಗಾಯದ ವರದಿ ಇವೆಲ್ಲ ನೋಂದಾಯಿತ ವೈದ್ಯರ ಕೆಲಸ. ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಕೋರ್ಸ್ ಮುಗಿಸಿ ಊರಲ್ಲಿ ಸಣ್ಣದೊಂದು ಕ್ಲಿನಿಕ್ ಹಾಕಿಕೊಳ್ಳಬಹುದು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಕ್ಷೇಮ.

ಕಾನೂನು ಎಲ್ಲಿಗೆ ಬಂದಿದೆ

1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ನೌಕಾಪಡೆಯ ಮಾಜಿ ಆರೋಗ್ಯ ಸಹಾಯಕರನ್ನು ಸೇರಿಸಿಕೊಂಡು ಈ ಓದನ್ನು ಆರಂಭಿಸಿದರು. ಭಾರತಕ್ಕೆ ತಂದವರು ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್, 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ. ಅಲ್ಲಿಂದ ಸುಮಾರು ಮೂರು ದಶಕ ಈ ವೃತ್ತಿಗೆ ದೇಶದಲ್ಲಿ ಯಾವ ಕಾನೂನೂ ಇರಲಿಲ್ಲ. ಆಸ್ಪತ್ರೆ ಕೊಟ್ಟಷ್ಟು ಕೆಲಸ, ಆಸ್ಪತ್ರೆ ಇಟ್ಟ ಹೆಸರು.

ಫಿಸಿಯೋಥೆರಪಿ, ಲ್ಯಾಬ್ ತಂತ್ರಜ್ಞರಂಥ ಆರೋಗ್ಯ ವೃತ್ತಿಗಳಿಗೆಂದು ಬಂದ 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ಇದನ್ನು ಬದಲಿಸಿತು. ಅದರ ಅನುಸೂಚಿಯ ಹತ್ತು ವಿಭಾಗಗಳಲ್ಲಿ ಒಂದು ‘ವೈದ್ಯಕೀಯ ತಂತ್ರಜ್ಞರು ಮತ್ತು ಫಿಸಿಷಿಯನ್ ಅಸೋಸಿಯೇಟ್’. ಕಾಯ್ದೆ ಎರಡು ದರ್ಜೆ ಮಾಡಿದೆ. ಅಲೈಡ್ ಹೆಲ್ತ್ ವೃತ್ತಿಪರರಿಗೆ 2ರಿಂದ 4 ವರ್ಷದಲ್ಲಿ ಕನಿಷ್ಠ 2,000 ಗಂಟೆಯ ಶಿಕ್ಷಣ ಬೇಕು, ಹೆಲ್ತ್‌ಕೇರ್ ವೃತ್ತಿಪರರಿಗೆ 3ರಿಂದ 6 ವರ್ಷದಲ್ಲಿ ಕನಿಷ್ಠ 3,600 ಗಂಟೆಯ ಶಿಕ್ಷಣ ಮತ್ತು ಪದವಿ ಬೇಕು. ಆರು ತಿಂಗಳ, ಒಂದು ವರ್ಷದ ‘ಪಿಎ ಸರ್ಟಿಫಿಕೇಟ್’ಗಳು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆಯೋಗ 2025ರಲ್ಲಿ ಹೊರತಂದ ಏಕರೂಪ ಪಠ್ಯಕ್ರಮಗಳಲ್ಲಿ ಫಿಸಿಷಿಯನ್ ಅಸೋಸಿಯೇಟ್ ಓದೂ ಸೇರಿದೆ. ಅದೇ ವರ್ಷ ಯುಜಿಸಿ ಈ ಕಾಯ್ದೆಯಡಿ ಬರುವ ಕೋರ್ಸ್‌ಗಳನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ನಡೆಸದಂತೆ ತಡೆಯಿತು. ‘ಮನೆಯಲ್ಲೇ ಕೂತು ಪಿಎ ಪದವಿ’ ಎನ್ನುವ ಜಾಹೀರಾತಿಗೆ ಈಗ ಯಾವ ಆಧಾರವೂ ಇಲ್ಲ.

ಒಂದು ಸಣ್ಣ ಎಚ್ಚರಿಕೆ. ಕಾಯ್ದೆಯಲ್ಲಿ ‘ಅಸೋಸಿಯೇಟ್’ ಇದೆ, ಹಲವು ವಿಶ್ವವಿದ್ಯಾಲಯಗಳ ಪದವಿಯಲ್ಲಿ ‘ಅಸಿಸ್ಟೆಂಟ್’ ಇದೆ. ನೋಂದಣಿಗೆ ಅರ್ಜಿ ಹಾಕುವಾಗ ಅಂಕಪಟ್ಟಿ, ಪದವಿ ಪತ್ರ, ಇಂಟರ್ನ್‌ಶಿಪ್ ಪ್ರಮಾಣಪತ್ರ ಮೂರರಲ್ಲೂ ಕೋರ್ಸಿನ ಹೆಸರು ಒಂದೇ ರೀತಿ ಇರಲಿ. ಒಂದೊಂದರಲ್ಲಿ ಒಂದೊಂದು ಹೆಸರಿದ್ದರೆ ಕಾಲೇಜು ಬಿಡುವ ಮುಂಚೆಯೇ ತಿದ್ದಿಸಿಕೊಳ್ಳಬೇಕು. ಇಲ್ಲವಾದರೆ ಆಮೇಲೆ ಅಲೆಯುವುದು ತಪ್ಪುವುದಿಲ್ಲ.

ಕೊಡಗಿನಲ್ಲಿ ಕೆಲಸ ಯಾಕಿಲ್ಲ

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ವಿಸ್ತೀರ್ಣ 4,102 ಚದರ ಕಿಲೋಮೀಟರ್. ರೈಲಿಲ್ಲ. ಜನ ತೋಟ, ಲೈನ್‌ಮನೆ, ಹಾಡಿಗಳಲ್ಲಿ ಚದುರಿ ಬದುಕುತ್ತಾರೆ. ಹೃದಯ, ನರ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗೆ ಮೈಸೂರು, ಮಂಗಳೂರು, ದಕ್ಷಿಣ ಕೊಡಗಿನವರಾದರೆ ಮಾಕುಟ್ಟ ಇಳಿದು ಕಣ್ಣೂರು. ಪಿಎಗಳನ್ನು ನೇಮಿಸಿಕೊಳ್ಳುವುದು ಇಂಥ ದೊಡ್ಡ ಚಿಕಿತ್ಸೆ ದಿನವೂ ನಡೆಯುವ ಆಸ್ಪತ್ರೆಗಳು. ದಿನಕ್ಕೆ ಐದಾರು ದೊಡ್ಡ ಆಪರೇಷನ್ ಇರುವ ಕಡೆ ಒಬ್ಬ ಪಿಎ ಸರ್ಜನ್‌ನ ಗಂಟೆಗಟ್ಟಲೆ ಸಮಯ ಉಳಿಸುತ್ತಾರೆ, ಅವರ ಸಂಬಳ ಆ ಉಳಿತಾಯದಲ್ಲೇ ಹುಟ್ಟುತ್ತದೆ. ವಾರಕ್ಕೆ ನಾಲ್ಕು ಆಪರೇಷನ್ ಇರುವ ಮೂವತ್ತು ಹಾಸಿಗೆಯ ಆಸ್ಪತ್ರೆಗೆ ಆ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿನ ಮಾಲೀಕರು ಅದೇ ಹಣಕ್ಕೆ ರಾತ್ರಿ ಡ್ಯೂಟಿ ಮಾಡುವ, ಸಹಿ ಹಾಕಬಲ್ಲ ವೈದ್ಯರನ್ನೋ, ವಾರ್ಡನ್ನೂ ಓಟಿಯನ್ನೂ ನೋಡಿಕೊಳ್ಳುವ ಅನುಭವಿ ನರ್ಸನ್ನೋ ಇಟ್ಟುಕೊಳ್ಳುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯೇ.

ಸರ್ಕಾರಿ ಕಡೆ ನೋಡಿದರೆ, ಆರೋಗ್ಯ ಇಲಾಖೆಯ ನೇಮಕಾತಿ ಪ್ರಕಟಣೆಗಳಲ್ಲಿ ಬರುವುದು ನರ್ಸಿಂಗ್ ಅಧಿಕಾರಿ, ಫಾರ್ಮಸಿ ಅಧಿಕಾರಿ, ಲ್ಯಾಬ್ ಮತ್ತು ಎಕ್ಸ್‌ರೇ ತಂತ್ರಜ್ಞ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಇಂಥ ಹುದ್ದೆಗಳು. ಪಿಎ ಎಂಬ ಹುದ್ದೆಗೆ ಕರೆ ಬಂದು ಊರವರು ಅರ್ಜಿ ಹಾಕಿದ್ದು ಕಾಣಸಿಗುವುದಿಲ್ಲ. ಹಳ್ಳಿ ಮಟ್ಟದಲ್ಲಿ ವೈದ್ಯರಿಗೂ ದಾದಿಯರಿಗೂ ನಡುವಿನ ಜಾಗವನ್ನು ಈಗಾಗಲೇ ಸಮುದಾಯ ಆರೋಗ್ಯ ಅಧಿಕಾರಿ ತುಂಬಿದ್ದಾರೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಿಪಿ, ಸಕ್ಕರೆ ನೋಡಿ ಮಾತ್ರೆ ಕೊಡುವ ಸಿಎಚ್‌ಒಗಳು ಅವರೇ. ರಾಜ್ಯದಲ್ಲಿ ಆ ಕೆಲಸಕ್ಕೆ ಹೋಗುತ್ತಿರುವವರು ಬಿಎಸ್ಸಿ ನರ್ಸಿಂಗ್ ಓದಿದವರು. 2019ರ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಮಿತವಾದ ಪರವಾನಗಿ ಕೊಡಬಹುದೆಂದು ಹೇಳುತ್ತದೆ. ಪಿಎ ಓದಿದವರು ಅದರ ಮೇಲೆ ಭರವಸೆ ಇಟ್ಟು ಸೀಟು ತೆಗೆದುಕೊಳ್ಳುವ ಸ್ಥಿತಿ ಇನ್ನೂ ಬಂದಿಲ್ಲ.

ನಮ್ಮ ಸಲಹೆ ಇಷ್ಟು: ಪೊನ್ನಂಪೇಟೆಯಲ್ಲೋ ಶನಿವಾರಸಂತೆಯಲ್ಲೋ ಮನೆಯಿಂದ ಓಡಾಡಿಕೊಂಡು ಕೆಲಸ ಮಾಡಬೇಕು, ಅಪ್ಪ ಅಮ್ಮನನ್ನೂ ತೋಟವನ್ನೂ ನೋಡಿಕೊಳ್ಳಬೇಕು ಎನ್ನುವವರು ಬಿಎಸ್ಸಿ ನರ್ಸಿಂಗನ್ನೇ ಆರಿಸಿ. ಸರ್ಕಾರಿ ಹುದ್ದೆ, ಸಿಎಚ್‌ಒ ದಾರಿ, ಸ್ಥಳೀಯ ಆಸ್ಪತ್ರೆ, ಹೊರದೇಶ ಎಲ್ಲ ಬಾಗಿಲೂ ಅಲ್ಲಿ ಅಗಲವಾಗಿವೆ. ಹತ್ತು ವರ್ಷವಾದರೂ ಹೊರಗೆ ದುಡಿಯಲು ಮನಸ್ಸಿದ್ದು, ಓಟಿ ಮತ್ತು ಐಸಿಯು ಕೆಲಸ ಸೆಳೆಯುವವರಿಗೆ ಮಾತ್ರ ಪಿಎ.

ಅಂಥವರಿಗೆ ಕೊಡಗು ಕೊಟ್ಟಿರುವ ಒಂದು ಬಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಭಾಷೆ. ಇಲ್ಲಿನ ಮಕ್ಕಳು ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಒಂದಿಷ್ಟು ತಮಿಳು, ಅಸ್ಸಾಮಿನಿಂದ ಬಂದ ತೋಟದ ಕಾರ್ಮಿಕರ ಜೊತೆ ಹಿಂದಿ, ಹೀಗೆ ಮೂರು ನಾಲ್ಕು ಭಾಷೆ ಆಡುತ್ತಲೇ ಬೆಳೆಯುತ್ತಾರೆ. ಪಿಎ ಕೆಲಸದ ಅರ್ಧ ಭಾಗ ರೋಗಿಯ ಬಾಯಿಂದ ರೋಗದ ಕತೆ ಕೇಳಿ ತಿಳಿಯುವುದು. ಮಂಗಳೂರಿನ ಐಸಿಯುನಲ್ಲಿ ಕಾಸರಗೋಡಿನ ಅಜ್ಜಿಯ ಎದೆನೋವು ಯಾವಾಗ ಶುರುವಾಯಿತೆಂದು ಮಲಯಾಳದಲ್ಲಿ ಕೇಳಬಲ್ಲವರಿಗೆ ವಾರ್ಡಿನಲ್ಲಿ ಬೆಲೆ ಹೆಚ್ಚು. ಸಂದರ್ಶನದಲ್ಲಿ ಇದನ್ನು ಧೈರ್ಯವಾಗಿ ಹೇಳಿಕೊಳ್ಳಿ, ಬಯೋಡಾಟಾದಲ್ಲೂ ಬರೆಯಿರಿ.

ಸೀಟು, ಕಾಲೇಜು, ಹಣ

ಅರ್ಹತೆ ಸರಳ: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಓದು ಸಾಮಾನ್ಯವಾಗಿ ಮೂರು ವರ್ಷ ತರಗತಿ ಮತ್ತು ಒಂದು ವರ್ಷ ಇಂಟರ್ನ್‌ಶಿಪ್. ರಾಜ್ಯದಲ್ಲಿ ಸರ್ಕಾರದ ಪಾಲಿನ ಅಲೈಡ್ ಹೆಲ್ತ್ ಸೀಟುಗಳನ್ನು ಸಿಇಟಿ ಅರ್ಜಿ ಹಾಕಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ರ‍್ಯಾಂಕ್ ಪಿಸಿಬಿ ಅಂಕದ ಮೇಲೆ. ಎಡವಟ್ಟು ಆಗುವುದು ಇಲ್ಲೇ. ‘ನಮಗೆ ಎಂಜಿನಿಯರಿಂಗ್ ಬೇಡ’ ಎಂದು ಸಿಇಟಿ ಅರ್ಜಿಯನ್ನೇ ಹಾಕದ ಮಕ್ಕಳು ಸರ್ಕಾರಿ ಶುಲ್ಕದ ಸೀಟಿನಿಂದ ಹೊರಗುಳಿದು, ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಹೊಂದಿಸಲು ಓಡಾಡುತ್ತಾರೆ. ಪಿಯುಸಿ ಪರೀಕ್ಷೆಗೆ ಮೊದಲೇ ಅರ್ಜಿ ಹಾಕಿಡಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ತುಸು ಬದಲಾಗುವುದರಿಂದ ಆ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯೇ ಅಂತಿಮ.

1ರಿಂದ 10ನೇ ತರಗತಿ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಹಳೆಯ ಶಾಲೆ ಮುಚ್ಚಿದ್ದರೆ ದಾಖಲೆ ಹುಡುಕಲು ವಾರಗಳೇ ಹಿಡಿಯುತ್ತವೆ, ಡಿಸೆಂಬರ್‌ನಲ್ಲೇ ಕೆಲಸ ಶುರುವಿಡಿ.

ಕಾಲೇಜು ನೋಡುವಾಗ ಮೊದಲ ಪ್ರಶ್ನೆ ಸಂಯೋಜನೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಎಂದರೆ, ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಹೆಸರಿನೆದುರು ಈ ಕೋರ್ಸಿನ ಹೆಸರೂ, ಆ ವರ್ಷದ ಸೀಟಿನ ಸಂಖ್ಯೆಯೂ ಇದೆಯೇ ನೋಡಿ. ಕಾಲೇಜಿಗೆ ಬೇರೆ ಕೋರ್ಸಿನ ಮಾನ್ಯತೆ ಇದ್ದು, ಪಿಎಗೆ ಇಲ್ಲದಿರಬಹುದು. ಡೀಮ್ಡ್ ವಿಶ್ವವಿದ್ಯಾಲಯವಾದರೆ ಯುಜಿಸಿ ಪಟ್ಟಿ ನೋಡಬೇಕು. ತಮಿಳುನಾಡಿನಲ್ಲಿ ಈ ಓದು ಹಳೆಯದು, ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಚೆನ್ನೈನ ಶ್ರೀ ರಾಮಚಂದ್ರದಂಥ ಸಂಸ್ಥೆಗಳಲ್ಲಿ ಕೋರ್ಸ್ ಇದೆ. ಹೊರರಾಜ್ಯಕ್ಕೆ ಹೋದರೆ ಅಲ್ಲಿನ ಸರ್ಕಾರಿ ಸೀಟು ಸಿಗದು, ಪೂರ್ತಿ ಶುಲ್ಕ ಕಟ್ಟಲು ತಯಾರಿರಬೇಕು.

ಎರಡನೆಯದು ಆಸ್ಪತ್ರೆ. ಕಾಲೇಜಿನದೇ ಆಸ್ಪತ್ರೆ ಇದೆಯೇ, ಅಥವಾ ಒಪ್ಪಂದದ ಮೇಲೆ ಬೇರೆಯವರ ಕಡೆ ಕಳಿಸುತ್ತಾರೆಯೇ? ಐಸಿಯುನಲ್ಲಿ ಎಷ್ಟು ಹಾಸಿಗೆ? ತಿಂಗಳಿಗೆ ಎಷ್ಟು ದೊಡ್ಡ ಆಪರೇಷನ್? ಒಂದು ಬ್ಯಾಚಿನಲ್ಲಿ ಎಷ್ಟು ಜನ? ಅರವತ್ತು ಮಕ್ಕಳ ಬ್ಯಾಚು, ದಿನಕ್ಕೆ ಎರಡು ಆಪರೇಷನ್ ಇದ್ದರೆ ಮಕ್ಕಳು ಗೋಡೆಗೆ ಒರಗಿ ನಿಂತು ನೋಡುವುದರಲ್ಲೇ ನಾಲ್ಕು ವರ್ಷ ಮುಗಿಯುತ್ತದೆ. ಕಾಲೇಜಿನ ಪ್ರಿನ್ಸಿಪಾಲರ ಮಾತಿಗಿಂತ ಕೊನೆ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕೂರಿಸಿ ಕೇಳಿದ ಉತ್ತರ ನಂಬಿಕೆಗೆ ಹತ್ತಿರ: ನೀವೇ ಕೈಯಾರೆ ಹೊಲಿಗೆ ಎಷ್ಟು ಹಾಕಿದ್ದೀರಿ, ಇಂಟರ್ನ್‌ಶಿಪ್‌ಗೆ ಸ್ಟೈಪೆಂಡ್ ಬರುತ್ತದೆಯೇ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ?

ಹಣದ ವಿಷಯದಲ್ಲಿ ಕೊಡಗಿನ ಅನೇಕ ಮನೆಗಳಿಗೆ ಉಪಯೋಗವಾಗುವುದು ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಮಾಜಿ ಸೈನಿಕರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಈ ವೇತನ ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ, ಪಿಯುಸಿಯಲ್ಲಿ ಶೇ. 60 ಅಂಕ ಬೇಕು. ಆದರೆ ಮಂಡಳಿಯ ಕೋರ್ಸ್ ಪಟ್ಟಿಯಲ್ಲಿ ಇರುವ ವೃತ್ತಿಪರ ಪದವಿಗೆ ಮಾತ್ರ ಸಿಗುತ್ತದೆ. ನಿಮ್ಮ ಕೋರ್ಸಿನ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಶುಲ್ಕ ಕಟ್ಟುವ ಮುಂಚೆಯೇ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿಕೊಳ್ಳಿ. ಉಳಿದಂತೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಲ್ಪಸಂಖ್ಯಾತರಿಗೆ ಅರಿವು ಸಾಲ ಇವೆ. ಬ್ಯಾಂಕ್ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಸಾಲ ಖಾತರಿ ಯೋಜನೆಯಡಿ ಅಡಮಾನವಿಲ್ಲದೆ ಪಡೆಯಲು ಅವಕಾಶವಿದೆ. ಮ್ಯಾನೇಜರ್ ಕಾಫಿ ತೋಟದ ಆರ್‌ಟಿಸಿ ಕೇಳಿದರೆ ಈ ನಿಯಮವನ್ನು ವಿನಯದಿಂದ ನೆನಪಿಸಿ.

ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ಬಿಟ್ಟು ಬರಬೇಡಿ. ಪರಿಶೀಲನೆಯಾದ ಮೇಲೆ ಅವನ್ನು ಹಿಂತಿರುಗಿಸಬೇಕೆಂದು ಯುಜಿಸಿ 2018ರಲ್ಲೇ ಹೇಳಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ, ಕೊನೆಯ ದಿನ ಕಳೆದು 15 ದಿನದೊಳಗಾದರೆ ಶೇ. 80 ವಾಪಸ್ ಸಿಗಬೇಕೆನ್ನುವುದೂ ಅದೇ ಅಧಿಸೂಚನೆಯಲ್ಲಿದೆ. ನೀಟ್ ಎರಡನೇ ಸುತ್ತಿನಲ್ಲಿ ಬೇರೆ ಸೀಟು ಸಿಕ್ಕ ಮಕ್ಕಳಿಗೆ ಇದು ಬಹಳ ಮುಖ್ಯ.

ಓದಿನಲ್ಲೂ ಕೆಲಸದಲ್ಲೂ ತಪ್ಪುವುದು ಎಲ್ಲಿ

ಮೊದಲ ವರ್ಷದ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡ ಮಾಧ್ಯಮದಿಂದ ಬಂದವರು ಸೋಲುವುದು ಇಲ್ಲಿ. ವಿಷಯ ಅರ್ಥವಾಗದೆ ಅಲ್ಲ, ಪರೀಕ್ಷೆಯಲ್ಲಿ ಬರೆಯಲು ಆಗದೆ. ಮೊದಲ ಮೂರು ತಿಂಗಳು ದಿನಕ್ಕೆ ಒಂದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಯಾರಿಗಾದರೂ ತೋರಿಸುವ ರೂಢಿ ಬೆಳೆಸಿಕೊಂಡರೆ ಈ ಗಂಡಾಂತರ ದಾಟಬಹುದು.

ವಾರ್ಡಿಗೆ ಕಾಲಿಡುವ ಮುಂಚೆ ಹೆಪಟೈಟಿಸ್-ಬಿ ಲಸಿಕೆ: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಡೋಸ್. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ 10 ಘಟಕ ದಾಟಿದೆಯೇ ನೋಡಿಸಬೇಕು. ಎರಡು ಡೋಸ್ ತೆಗೆದುಕೊಂಡು ಮರೆತುಬಿಡುವವರೇ ಹೆಚ್ಚು. ಸೂಜಿ ಚುಚ್ಚಿಕೊಂಡ ದಿನ ಅದು ನೆನಪಾದರೆ ತಡವಾಗಿರುತ್ತದೆ. ನೀವು ಮಾಡಿದ, ಸಹಾಯ ಮಾಡಿದ ಪ್ರತಿ ಪ್ರೊಸೀಜರನ್ನು ದಿನಾಂಕ ಹಾಕಿ ಲಾಗ್‌ಬುಕ್‌ನಲ್ಲಿ ಬರೆದು ಅದೇ ದಿನ ಸಹಿ ಹಾಕಿಸಿ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಮಾತಾಡುವುದು ಆ ಪುಸ್ತಕ. ಬಿಎಲ್‌ಎಸ್, ಎಸಿಎಲ್‌ಎಸ್ ಕಾರ್ಡ್‌ಗಳಿಗೆ (ಹೃದಯ, ಉಸಿರು ನಿಂತಾಗ ಜೀವ ಉಳಿಸುವ ತರಬೇತಿಯವು) ಎರಡು ವರ್ಷದ ಅವಧಿ. ಕೆಲಸ ಹುಡುಕುವ ಹೊತ್ತಿಗೆ ಚಾಲ್ತಿಯಲ್ಲಿರುವಂತೆ ಇಂಟರ್ನ್‌ಶಿಪ್ ವರ್ಷದಲ್ಲಿ ಮಾಡಿ.

ಕೆಲಸಕ್ಕೆ ಸೇರಿದ ಮೇಲೆ ಅಪಾಯ ಬೇರೆ ಬಗೆಯದು. ‘ಡಾಕ್ಟರು ಬ್ಯುಸಿ ಇದ್ದಾರೆ, ನೀವೇ ಸಹಿ ಹಾಕಿಬಿಡಿ’ ಎನ್ನುವ ಮಾತು ಮೊದಲ ತಿಂಗಳಲ್ಲೇ ಬರುತ್ತದೆ. ಹಾಕಬೇಡಿ. ಕೇಸ್ ಶೀಟಿನಲ್ಲಿ ನೀವು ಬರೆದದ್ದರ ಕೆಳಗೆ ನಿಮ್ಮ ಹೆಸರು, ಹುದ್ದೆ, ಸಮಯ ಇರಬೇಕು, ಅದರ ಕೆಳಗೆ ವೈದ್ಯರ ಸಹಿ ಬೀಳಬೇಕು. ಫೋನಿನಲ್ಲಿ ಹೇಳಿದ ಔಷಧವಾದರೆ ಹೆಸರು, ಪ್ರಮಾಣ, ಕೊಡುವ ಮಾರ್ಗ ಮೂರನ್ನೂ ಅವರಿಗೆ ತಿರುಗಿ ಓದಿ ಹೇಳಿ, ‘ಫೋನ್ ಆದೇಶ’ ಎಂದೇ ದಾಖಲಿಸಿ. ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರಲು ನಿಮ್ಮನ್ನು ಕಳಿಸಬಹುದು. ಅಪಾಯಗಳನ್ನು ವಿವರಿಸಬೇಕಾದವರು ವೈದ್ಯರು. ರೋಗಿಗಳು ‘ಡಾಕ್ಟ್ರೇ’ ಎಂದು ಕರೆದಾಗಲೆಲ್ಲ ನಿಮ್ಮ ಹುದ್ದೆ ಹೇಳಿ ಪರಿಚಯಿಸಿಕೊಳ್ಳುವುದು ಬೇಸರದ ಕೆಲಸ ಅನಿಸಬಹುದು, ಆದರೆ ಏನಾದರೂ ಹೆಚ್ಚುಕಡಿಮೆಯಾದ ದಿನ ನಿಮ್ಮನ್ನು ಕಾಯುವುದು ಅದೇ.

ಸಂಬಳದ ಪತ್ರ ಓದುವಾಗ ವರ್ಷದ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಮಾಲೀಕರ ಪಾಲಿನ ಪಿಎಫ್, ಊಟ, ಹಾಸ್ಟೆಲ್ ಎಲ್ಲವನ್ನೂ ಅದರಲ್ಲಿ ಸೇರಿಸಿರುತ್ತಾರೆ. ಮೂಲವೇತನ ಎಷ್ಟು, ಕೈಗೆ ಎಷ್ಟು, ರಾತ್ರಿ ಡ್ಯೂಟಿ ತಿಂಗಳಿಗೆ ಎಷ್ಟು, ಬಾಂಡ್ ಇದೆಯೇ ಎಂದು ಕೇಳಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯವಾಗುತ್ತದೆ, ನಿಮ್ಮ ಪಾಲು ಶೇ. 0.75 ಮಾತ್ರ.

ಇನ್ನೊಂದು ತೊಡಕು ಐದಾರು ವರ್ಷವಾದ ಮೇಲೆ ಗೊತ್ತಾಗುತ್ತದೆ. ಪಿಎ ಒಬ್ಬ ಸರ್ಜನ್‌ನ ಕೈಗೆ ಒಗ್ಗಿಹೋಗಿರುತ್ತಾರೆ. ಆ ಸರ್ಜನ್ ಆಸ್ಪತ್ರೆ ಬಿಟ್ಟರೆ ಹೊಸಬರು ತಮ್ಮವರನ್ನು ತರುತ್ತಾರೆ, ಹಳಬರು ಡಿಸ್ಚಾರ್ಜ್ ಸಮ್ಮರಿ ಬರೆಯುವುದಕ್ಕೆ ಇಳಿಯುತ್ತಾರೆ. ಮೊದಲ ಮೂರು ವರ್ಷದಲ್ಲಿ ಐಸಿಯು ಅಥವಾ ತುರ್ತು ಚಿಕಿತ್ಸೆಯಂಥ, ಯಾವ ಆಸ್ಪತ್ರೆಗೆ ಹೋದರೂ ಬೇಕಾಗುವ ಇನ್ನೊಂದು ವಿಭಾಗದ ಕೆಲಸವನ್ನೂ ಕಲಿತಿಡುವುದೇ ಇದಕ್ಕೆ ಇರುವ ರಕ್ಷಣೆ. ಮುಂದೆ ಅಂಗಾಂಗ ಕಸಿ ಸಂಯೋಜಕ, ಆಸ್ಪತ್ರೆ ಗುಣಮಟ್ಟ ವಿಭಾಗ, ಔಷಧ ಪ್ರಯೋಗಗಳ ಸಂಯೋಜನೆ, ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಓದು ಇವೂ ತೆರೆದಿರುವ ದಾರಿಗಳು.

ಹೊರದೇಶದ ಆಸೆ ತೋರಿಸುವವರ ಬಗ್ಗೆ ಒಂದೇ ಮಾತು. ಅಮೆರಿಕದಲ್ಲಿ ಪಿಎ ಪರವಾನಗಿ ಪರೀಕ್ಷೆ ಬರೆಯಲು ಅಲ್ಲಿನ ಮಾನ್ಯತೆ ಪಡೆದ ಕೋರ್ಸನ್ನೇ ಓದಿರಬೇಕು; ಅದು ಸ್ನಾತಕೋತ್ತರ ಪದವಿ. ಇಲ್ಲಿನ ಬಿಎಸ್ಸಿ ಹಿಡಿದು ನೇರವಾಗಿ ಆ ಪರೀಕ್ಷೆಗೆ ಕೂರಲಾಗದು.

ಜಿಲ್ಲೆ ಏನು ಮಾಡಬಹುದು

ಕೊಡಗಿಗೆ ಇಂಥವರ ಅಗತ್ಯ ಇಲ್ಲವೆಂದಲ್ಲ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಆನೆ ತುಳಿತ, ತೋಟದ ಕೀಟನಾಶಕ ಸೇವನೆ, ಹಾವು ಕಡಿತ ಇವು ಇಲ್ಲಿನ ತುರ್ತು ವಿಭಾಗಗಳ ನಿತ್ಯದ ಕೇಸುಗಳು. ಹಾವು ಕಡಿತವನ್ನು ರಾಜ್ಯ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಂದು ಕೇಸಿನಲ್ಲಿ ಎಷ್ಟು ಕೆಲಸವಿದೆ ನೋಡಿ: ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ನೋಡಬೇಕು. ರೆಪ್ಪೆ ಜೋತುಬಿದ್ದಿದೆಯೇ, ಕತ್ತು ಎತ್ತಲು ಆಗುತ್ತಿದೆಯೇ, ಊತ ಎಲ್ಲಿವರೆಗೆ ಏರಿದೆ ಎಂದು ಮತ್ತೆ ಮತ್ತೆ ಗುರುತು ಹಾಕಬೇಕು. ವೈದ್ಯರು ಆದೇಶಿಸಿದ ಮೇಲೆ ವಿಷನಿರೋಧಕ ಔಷಧ ಹೋಗುತ್ತಿರುವಾಗ ಅಲರ್ಜಿಗೆ ಕಣ್ಣಿಡಬೇಕು. ನಮ್ಮಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಾಫಿ, ಏಲಕ್ಕಿ ತೋಟಗಳಲ್ಲಿ ಕಚ್ಚುವ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲವಾದ್ದರಿಂದ ಕಡಿದ ಜಾಗ, ಹಾವಿನ ಚಹರೆ, ಲಕ್ಷಣಗಳ ಕ್ರಮವನ್ನು ರೋಗಿಯ ಭಾಷೆಯಲ್ಲೇ ಕೇಳಿ ತಿಳಿಯುವುದಕ್ಕೆ ಇಲ್ಲಿ ಇನ್ನೂ ಹೆಚ್ಚಿನ ಬೆಲೆ. ಕಕ್ಕಡ ಮಾಸದ ಜೋರು ಮಳೆಯಲ್ಲಿ, ಒಬ್ಬರೇ ವೈದ್ಯರಿರುವ ರಾತ್ರಿ ಪಾಳಿಯಲ್ಲಿ ಪಕ್ಕದ ಹಾಸಿಗೆಗೆ ಹೆರಿಗೆ ಕೇಸು ಬಂದರೆ ಇದನ್ನೆಲ್ಲ ಯಾರು ಮಾಡಬೇಕು?

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಿಂದ ನಡೆಯುತ್ತಿದೆ, ಬೋಧಕ ಆಸ್ಪತ್ರೆಯಾಗಿ ಜಿಲ್ಲಾಸ್ಪತ್ರೆಯೇ ಇದೆ. ಅಲ್ಲಿನ ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮತ್ತು ಮೂಳೆ ವಿಭಾಗಗಳಲ್ಲಿ ಕೆಲವೇ ಗುತ್ತಿಗೆ ಪಿಎ ಹುದ್ದೆಗಳನ್ನು ಪ್ರಾಯೋಗಿಕವಾಗಿ ತೆರೆದು, ಫಲ ನೋಡಿ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸಬಹುದೆನ್ನುವುದು ನಮ್ಮ ನಿಲುವು.

ವೈದ್ಯರ ಕಡೆಯಿಂದ ವಿರೋಧ ಬರುತ್ತದೆ, ಅದನ್ನು ಕಡೆಗಣಿಸಬಾರದು. ಕಡಿಮೆ ಸಂಬಳಕ್ಕೆ ವೈದ್ಯರ ಜಾಗ ತುಂಬಲು ಪಿಎಗಳನ್ನು ಬಳಸಿದರೆ ರೋಗಿಗೂ ಪಿಎಗೂ ಅಪಾಯ. ಬ್ರಿಟನ್‌ನಲ್ಲಿ ಇದೇ ಜಗಳ ದೊಡ್ಡದಾಗಿ, ಪ್ರೊಫೆಸರ್ ಜಿಲಿಯನ್ ಲೆಂಗ್ ಅವರ ವಿಮರ್ಶಾ ವರದಿ 2025ರ ಜುಲೈನಲ್ಲಿ ಬಂತು. ಅದು ಹೇಳಿದ್ದು ಮೂರು ಮಾತು: ಅಸೋಸಿಯೇಟ್ ಎಂಬ ಹೆಸರು ಜನರನ್ನು ಗಲಿಬಿಲಿಗೊಳಿಸುತ್ತದೆ, ಅಸಿಸ್ಟೆಂಟ್ ಎಂದೇ ಕರೆಯಿರಿ. ಇನ್ನೂ ರೋಗನಿರ್ಣಯವಾಗದ ರೋಗಿಯನ್ನು, ಸ್ಪಷ್ಟ ಮಾರ್ಗಸೂಚಿ ಇಲ್ಲದೆ, ಅವರು ಮೊದಲು ನೋಡಬಾರದು. ಪ್ರಾಥಮಿಕ ಆರೋಗ್ಯ ಸೇವೆಗೆ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದಿರಬೇಕು. ಕೊಡಗಿನಲ್ಲಿ ಹುದ್ದೆ ತೆರೆಯುವವರು ಈ ಮೂರನ್ನೂ ಮೊದಲ ದಿನದಿಂದಲೇ ಪಾಲಿಸಬಹುದು. ಹುದ್ದೆಯ ಆದೇಶದಲ್ಲೇ ಯಾವ ವೈದ್ಯರ ಮೇಲ್ವಿಚಾರಣೆ, ಯಾವ ಕೆಲಸಗಳು ಸಲ್ಲುತ್ತವೆ, ಯಾವುವು ಸಲ್ಲುವುದಿಲ್ಲ, ರಾತ್ರಿ ಪಾಳಿಯಲ್ಲಿ ವೈದ್ಯರು ಎಷ್ಟು ನಿಮಿಷದೊಳಗೆ ಹಾಸಿಗೆ ಪಕ್ಕ ಬರಬೇಕು ಎಂದು ಬರೆದಿರಬೇಕು. ರಾಜ್ಯ ಅಲೈಡ್ ಮತ್ತು ಹೆಲ್ತ್‌ಕೇರ್ ಕೌನ್ಸಿಲ್‌ನ ನೋಂದಣಿ ಇರುವವರನ್ನಷ್ಟೇ ಆ ಹುದ್ದೆಗೆ ತೆಗೆದುಕೊಳ್ಳಬೇಕು.